ಬುಡದ ಬಿರುಕು

ಚಿಕ್ಕಪ್ಪ ಮಧ್ಯಾಹ್ನದ ಊಟ ಮುಗಿಸಿ ತನ್ನ ಅಂಗಡಿಯ ಒರಗುಕುರ್ಚಿಯಲ್ಲಿ ಕಣ್ಣು ಮುಚ್ಚಿದನೆಂದರೆ ಸಾಕು, ರಸ್ತೆಯ ಈಚೆ ಬದಿಯಲ್ಲಿ ಫ್ಯಾನಕ್ಕ ಸುತ್ತಿಗೆ ಎತ್ತುತ್ತಿದ್ದಳು. ಬೆಳಗ್ಗೆಯೇ ಮಾಡಿ ಮುಗಿಸಬಹುದಾದ ಬಡಿಯುವ ಕೆಲಸವನ್ನೆಲ್ಲ ಆ ಒಂದು ಹೊತ್ತಿಗೆಂದೇ ಕೂಡಿಡುತ್ತಿದ್ದಳು. ಬಾಗಿದ ರೆಕ್ಕೆಯನ್ನು ಕಬ್ಬಿಣದ ಅಡಿಗಲ್ಲಿನ ಮೇಲೆ ಮಲಗಿಸಿ ಟಣ್, ಟಣ್ ಎಂದು ಶುರುಮಾಡಿದರೆ ಎದುರಿನ ಗಾಜಿನ ಬಾಗಿಲು ಸಣ್ಣಗೆ ನಡುಗುವುದು. ಚಿಕ್ಕಪ್ಪ ಒಂದು ಕಣ್ಣು ತೆರೆದು, ಮಗ್ಗುಲು ಬದಲಿಸಿ, ಕೊನೆಗೆ ಎದ್ದು ಕೂರುವನು. ಅವನು ಎದ್ದು ಕೂತ ಮೇಲೆ ಆಕೆ ಸುತ್ತಿಗೆ ಕೆಳಗಿಟ್ಟು ನೀರು ಕುಡಿಯುವಳು.

"ಬಿಸಿಲು ಜಾಸ್ತಿ ಅಲ್ವಾ ಚಿಕ್ಕಪ್ಪ, ನಿದ್ದೆ ಹತ್ತಲ್ಲ," ಎಂದು ಒಂದೆರಡು ಸಲ ಕೂಗಿ ಹೇಳಿದ್ದೂ ಉಂಟು.

ಫ್ಯಾನ್ ಎಂದರೆ ದೋಣಿಯವರ ಬಾಯಲ್ಲಿ ಪ್ರೊಪೆಲ್ಲರ್. ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ನಿನ ತುದಿಯಲ್ಲಿ, ನೀರೊಳಗೆ ಗಿರಗಿರನೆ ತಿರುಗಿ ದೋಣಿಯನ್ನು ಮುಂದಕ್ಕೆ ತಳ್ಳುವ ಮೂರು ರೆಕ್ಕೆಯ ಲೋಹ. ಮರಳು ತಿಂದು ಅದರ ಅಂಚು ಸವೆಯುತ್ತದೆ, ಬಂಡೆಗೆ ತಾಗಿ ತುದಿ ಮುರಿಯುತ್ತದೆ, ಬಲೆಯ ಹಗ್ಗ ಸುತ್ತಿ ರೆಕ್ಕೆ ಬಾಗುತ್ತದೆ. ಅದನ್ನು ಸರಿಮಾಡಿಕೊಡುವುದು ಆಕೆಯ ಕಸುಬು. ಹೊಸದನ್ನು ಮಾರುವುದು ಚಿಕ್ಕಪ್ಪನ ವ್ಯಾಪಾರ. ಅವನ ಅಂಗಡಿಯ ಮೇಲೆ ರಸ್ತೆಯ ಅಗಲಕ್ಕೂ ಕಾಣುವ ಬೋರ್ಡು: 'ಹಳೆಯದರ ಹಂಗು ಬೇಡ, ಹೊಸದೇ ಸುರಕ್ಷೆ.' ಆಕೆಯ ಅಂಗಡಿಗೆ ಬೋರ್ಡೇ ಇರಲಿಲ್ಲ. ಬಾಡಿಗೆಗೆ ಬೇರೆ ಜಾಗ ಸಿಗದೆ ಬಂದವಳಲ್ಲ ಆಕೆ. ಆ ಬೋರ್ಡಿನ ಎದುರಿಗೇ ಬೇಕೆಂದು ಕಾದು ಹಿಡಿದ ಜಾಗ ಅದು.

ಈ ಹಗೆಗೆ ಕಾರಣ ಸಣ್ಣದಾಗಿರಲಿಲ್ಲ.

ಒಂದು ಕಾಲದಲ್ಲಿ ಆ ಬಂದರಿನ ಫ್ಯಾನುಗಳೆಲ್ಲ ಆಕೆಯ ಅಪ್ಪನ ಕೈ ದಾಟಿಯೇ ನೀರಿಗಿಳಿಯುತ್ತಿದ್ದವು. ಅಪ್ಪ ದುರಸ್ತಿಗಾರ, ಅವನ ತಮ್ಮನಾದ ಈ ಚಿಕ್ಕಪ್ಪ ಕಡವಿನ ದೋಣಿಯ ಯಜಮಾನ. ಈ ದಡದವರನ್ನು ಆ ದಡಕ್ಕೆ, ಆ ದಡದವರನ್ನು ಈ ದಡಕ್ಕೆ ದಾಟಿಸುವುದು ಆ ದೋಣಿಯ ಕೆಲಸ. ಒಂದು ಬೇಸಿಗೆ, ನೀರು ಇಳಿದಾಗ, ದೋಣಿಯ ಫ್ಯಾನು ಬಂಡೆಗೆ ಬಡಿಯಿತು. ಚಿಕ್ಕಪ್ಪ ಅದನ್ನು ಬಿಚ್ಚಿಕೊಂಡು ಅಣ್ಣನ ಹತ್ತಿರ ಬಂದ. ಒಲೆಯ ಬಳಿ ತಿದಿ ಒತ್ತುತ್ತಿದ್ದ ಮಗಳು ಅಪ್ಪ ಹೇಳಿದ್ದನ್ನು ತನ್ನೆರಡು ಕಿವಿಗಳಿಂದ ಕೇಳಿದ್ದಳು.

"ತಮ್ಮಾ, ತುದಿ ಹೋಗಿದ್ರೆ ಕಟ್ಟಿಕೊಡ್ತೀನಿ. ಅಂಚು ಸವೆದಿದ್ರೆ ತುಂಬಿಕೊಡ್ತೀನಿ. ಇದು ಬುಡದಲ್ಲಿ ಸೀಳಿದೆ ನೋಡು. ಎಲ್ಲಾ ಭಾರ ಬೀಳೋದು ಬುಡದ ಮೇಲೆ. ಅಲ್ಲಿ ಬೆಸುಗೆ ನಿಲ್ಲಲ್ಲ. ಹೊಸದು ಹಾಕು."

ಚಿಕ್ಕಪ್ಪ ಮುಖ ಊದಿಸಿಕೊಂಡು ಫ್ಯಾನು ಎತ್ತಿಕೊಂಡು ಹೋದ. ಹೊಸದು ಹಾಕಿಸಿದನೆಂದೇ ಮನೆಯವರು ತಿಳಿದರು. ಕೆಲವೇ ದಿನಗಳಲ್ಲಿ, ಇಳಿತದ ಸೆಳವು ಜೋರಾಗಿದ್ದ ಒಂದು ಸಂಜೆ, ಹೊಳೆಯ ನಟ್ಟನಡುವೆ ಆ ರೆಕ್ಕೆ ಬುಡಸಹಿತ ಹಾರಿಹೋಯಿತು. ಎಂಜಿನ್ನು ಹುಚ್ಚು ಹಿಡಿದಂತೆ ಅದುರಿ ನಿಂತಿತು. ದೋಣಿ ಅಡ್ಡತಿರುಗಿ ಸೇತುವೆಯ ಕಂಬಕ್ಕೆ ಬಡಿದು ಮಗುಚಿತು. ಜನ ಕಂಬವನ್ನೋ ಹಗ್ಗವನ್ನೋ ತಬ್ಬಿ ಉಳಿದುಕೊಂಡರು. ಒಬ್ಬ ಹೆಂಗಸು ಮಾತ್ರ ಉಳಿಯಲಿಲ್ಲ. ಸಂತೆಯ ಚೀಲ ಹಿಡಿದು ಮನೆಗೆ ಹೊರಟಿದ್ದವಳು, ಆ ದೋಣಿ ನಡೆಸುತ್ತಿದ್ದವನ ಹೆಂಡತಿ. ಅವನನ್ನು ಎಲ್ಲರೂ ಚುಕ್ಕಾಣಿ ಎಂದೇ ಕರೆಯುತ್ತಿದ್ದರು. ತನ್ನ ದೋಣಿಯಲ್ಲೇ, ತನ್ನ ಕಣ್ಣೆದುರೇ ಹೆಂಡತಿಯನ್ನು ಕಳೆದುಕೊಂಡ ನತದೃಷ್ಟ.

ವಿಚಾರಣೆಯಲ್ಲಿ ಚಿಕ್ಕಪ್ಪ ಕಣ್ಣೀರಿಟ್ಟ. "ನನ್ನ ಒಡಹುಟ್ಟಿದ ಅಣ್ಣ ಸ್ವಾಮಿ. ಅವನ ಕೈಮೇಲೆ ನಂಬಿಕೆ ಇಟ್ಟು ಬೆಸುಗೆ ಹಾಕಿಸ್ದೆ. ಹೀಗೆ ಕೈ ಕೊಡ್ತಾನೆ ಅಂತ ಯಾರಿಗ್ಗೊತ್ತು?" ಎಂದ. ಅಪ್ಪ "ನಾನು ಹಾಕಿಲ್ಲ" ಎಂದ. ಮಗಳು "ಅಪ್ಪ ಆಗಲ್ಲ ಅಂದಿದ್ದು ನಾನೇ ಕೇಳಿದೀನಿ" ಎಂದಳು. ಅಪ್ಪನ ಮಗಳು ಇನ್ನೇನು ಹೇಳಿಯಾಳು ಎಂದರು ಜನ. ಊರ ಫ್ಯಾನುಗಳಿಗೆಲ್ಲ ಬೆಸುಗೆ ಹಾಕುವವನು ಇದಕ್ಕೊಂದಕ್ಕೆ ಹಾಕಲಿಲ್ಲವೆಂದರೆ ಯಾರು ನಂಬುತ್ತಾರೆ? ಅಪ್ಪನ ದುರಸ್ತಿ ಪರವಾನಗಿ ಹೋಯಿತು. ಚುಕ್ಕಾಣಿ ಒಂದು ಬೆಳಗ್ಗೆ ಬಂದು, ಒಂದು ಮಾತೂ ಆಡದೆ, ಅವರ ಹೊಸ್ತಿಲಿಗೆ ಉಗಿದು ಹೋದ.

ಅಪ್ಪ ಮತ್ತೆ ಸುತ್ತಿಗೆ ಮುಟ್ಟಲಿಲ್ಲ. ಮಂಚದ ಮೇಲೆ ಮಲಗಿದಲ್ಲೇ, ರೆಕ್ಕೆಯಲ್ಲಿ ಬಿರುಕಿದೆಯೇ ಎಂದು ತಟ್ಟಿ ನೋಡುವವನಂತೆ, ಮಂಚದ ಪಟ್ಟಿಯನ್ನು ತಟ್ಟಿ ತಟ್ಟಿ ಸದ್ದು ಕೇಳಿಸಿಕೊಳ್ಳುತ್ತಿದ್ದ. ಆ ರೆಕ್ಕೆಗೆ ಬೆಸುಗೆ ಹಾಕಿದ್ದು ಯಾರೆಂಬುದು ಗೊತ್ತಾಗದೆಯೇ ತೀರಿಕೊಂಡ. ಅಷ್ಟರಲ್ಲಿ ಚಿಕ್ಕಪ್ಪ ಹೊಸ ಫ್ಯಾನುಗಳ ಅಂಗಡಿ ತೆರೆದಾಗಿತ್ತು. ದುರಸ್ತಿ ಮಾಡಿಸಿದ ಫ್ಯಾನು ಜೀವ ತೆಗೆಯುತ್ತದೆ ಎಂದು ಊರಿಗೆ ಊರೇ ಕಂಡಿತ್ತಲ್ಲ, ಅವನು ಬಾಯಿಬಿಟ್ಟು ಹೇಳುವ ಅಗತ್ಯವೂ ಇರಲಿಲ್ಲ. ಆದರೂ ಹೇಳುತ್ತಿದ್ದ.

ಮಗಳು ತಾಯಿಯನ್ನು ಕರೆದುಕೊಂಡು ಬೇರೊಂದು ಬಂದರಿಗೆ ಹೋದಳು. ಅಲ್ಲಿನ ಎರಕದ ಕಾರ್ಖಾನೆಯಲ್ಲಿ ಹೆಂಗಸರಿಗೆ ಕೊಡುತ್ತಿದ್ದ ಗುಡಿಸುವ ಕೆಲಸದಿಂದ ಶುರುಮಾಡಿ, ಬೈಸಿಕೊಳ್ಳುತ್ತ, ಸುಟ್ಟುಕೊಳ್ಳುತ್ತ ಅಪ್ಪನ ಕಸುಬನ್ನು ಪೂರ್ತಿ ಕಲಿತಳು. ಅಲ್ಲಿಯೇ ಒಬ್ಬ ಎಂಜಿನ್ ಫಿಟ್ಟರನ್ನು ಮದುವೆಯಾದಳು. ಅವನು ಸಮಾಧಾನದ ಮನುಷ್ಯ. "ಇಷ್ಟು ಚೆನ್ನಾಗಿ ನಡೀತಿರೋ ಜೀವನ ಬಿಟ್ಟು ಆ ಊರಿಗ್ಯಾಕೆ?" ಎಂದು ಕೇಳಿದ. "ಹೊಟ್ಟೇಲಿ ಕೆಂಡ ಇಟ್ಕೊಂಡು ನಿದ್ದೆ ಬರಲ್ಲ ಕಣ್ರೀ," ಎಂದಳು. ಅವನು ಮರುಮಾತಾಡದೆ ಗಂಟುಮೂಟೆ ಕಟ್ಟಿದ.

ಅಂಗಡಿ ತೆರೆದ ದಿನವೇ ಚಿಕ್ಕಪ್ಪ ರಸ್ತೆ ದಾಟಿ ಬಂದಿದ್ದ. ಕೂದಲು ನರೆತಿತ್ತು, ಹೊಟ್ಟೆ ಬಂದಿತ್ತು, ನಗು ಮಾತ್ರ ಹಳೆಯದೇ.

"ಏನು ಮಗಳೇ, ಈ ಬಡಿಯೋ ಕೆಲಸ ನಿಂಗ್ಯಾಕೆ? ಬಾ, ನನ್ನ ಅಂಗಡೀಲಿ ಬಿಲ್ ಬರಿ. ಫ್ಯಾನಿನ ಗಾಳೀಲಿ ಕೂತ್ಕೊಂಡು."

"ಬರ್ತೀನಿ ಚಿಕ್ಕಪ್ಪ," ಎಂದಳು ಆಕೆ. "ಅಂಗಡಿ ಮುಚ್ಚೋ ದಿನ ಹೇಳಿ, ಬಾಗಿಲು ಹಾಕೋಕೆ ಬರ್ತೀನಿ."

ಅಂದಿನಿಂದ ಅವರ ನಡುವೆ ಮಾತಿಗಿಂತ ಸುತ್ತಿಗೆಯ ಸದ್ದೇ ಹೆಚ್ಚು. ಆಕೆಯ ಬಳಿ ಬರುತ್ತಿದ್ದವರು ಹೊಸದು ಕೊಳ್ಳಲಾಗದ ಬಡ ಬಲೆಗಾರರು ಮಾತ್ರ. ಅವರೂ ಕಳ್ಳರ ಹಾಗೆ ಫ್ಯಾನನ್ನು ಚೀಲದೊಳಗೆ ಅಡಗಿಸಿ ತರುತ್ತಿದ್ದರು. ಯಾಕೆಂದರೆ ಚಿಕ್ಕಪ್ಪ ತನ್ನ ಮೆಟ್ಟಿಲ ಮೇಲೆ ನಿಂತು, "ಯಾಕಪ್ಪಾ, ಜೀವ ಭಾರ ಆಯ್ತಾ? ಚುಕ್ಕಾಣಿ ಹೆಂಡ್ತಿ ಮರೆತುಹೋದ್ಲಾ?" ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದ. ಆ ಮಾತು ಬಿದ್ದಾಗ ಒಳಕೋಣೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಅಮ್ಮನ ಕತ್ತಿ ಗಕ್ಕನೆ ನಿಲ್ಲುತ್ತಿತ್ತು.

ಹೀಗಿರುವಾಗ ಬಂದರು ಕಚೇರಿಯವರು ಕಡವಿನ ಪರವಾನಗಿಯನ್ನು ಹೊಸದಾಗಿ ಕೊಡುವುದೆಂದು ತೀರ್ಮಾನಿಸಿದರು. ಚಿಕ್ಕಪ್ಪ ದೊಡ್ಡದೊಂದು ದೋಣಿ ತಂದ. ಅದಕ್ಕೆ ದೂರದ ಬಂದರಿನಿಂದ, ಭಾರೀ ಶಕ್ತಿಯ ಹಳೆಯ ಎಂಜಿನ್ನೊಂದನ್ನು ಕೊಂಡುತಂದು ಹೊಸ ಬಣ್ಣ ಬಳಿಸಿದ. ಅಧಿಕಾರಿಯನ್ನು ಕೂರಿಸಿಕೊಂಡು ಹೊಳೆ ದಾಟಿ ತೋರಿಸುವ ದಿನವೂ ಗೊತ್ತಾಯಿತು. ಅದಕ್ಕೆ ಎರಡು ದಿನ ಮುಂಚೆ, ಚಿಕ್ಕಪ್ಪ ತಾನೇ ಹಿಡಿಕೆ ಹಿಡಿದು ಜಂಬದಿಂದ ಒಂದು ಸುತ್ತು ಹೊಡೆಯಲು ಹೋಗಿ, ನೀರಡಿಯ ಹಳೆಯ ಗೂಟಕ್ಕೆ ಫ್ಯಾನು ಬಡಿಸಿದ.

ಅಂಗಡಿಯ ಗೋಡೆ ತುಂಬ ಹೊಸ ಫ್ಯಾನುಗಳು ಮಿರಿಮಿರಿ ಮಿಂಚುತ್ತಿದ್ದವು. ಒಂದೂ ಆ ಎಂಜಿನ್ನಿಗೆ ಕೂರಲಿಲ್ಲ. ಆ ಅಳತೆಯದನ್ನು ಕಂಪನಿಯವರು ನಿಲ್ಲಿಸಿ ಕಾಲವಾಗಿತ್ತು. ಎಲ್ಲೋ ಉಳಿದಿದ್ದರೆ ಹುಡುಕಿ ತರಿಸಲು ಮೂರು ವಾರ ಬೇಕು. ಕೊಡೆ ಮಾರುವವನ ತಲೆಯೇ ಮಳೆಗೆ ನೆನೆದಂತಾಯಿತು.

ಮಧ್ಯಾಹ್ನದ ಹೊತ್ತಿಗೆ ಚುಕ್ಕಾಣಿ ಗೋಣಿಚೀಲ ಹೊತ್ತು ಬಂದು ಫ್ಯಾನಕ್ಕನ ಬಾಗಿಲಲ್ಲಿ ನಿಂತ. ಇಷ್ಟು ವರ್ಷವೂ ಅವನು ಚಿಕ್ಕಪ್ಪನ ಆಳಾಗಿಯೇ ಉಳಿದಿದ್ದ. ಹೆಂಡತಿ ಸತ್ತ ಮೇಲೆ ಚಿಕ್ಕಪ್ಪ ಕೈಬಿಡಲಿಲ್ಲವೆಂಬ ಋಣ ಅವನಿಗೆ. ಆಕೆಯ ಮುಖ ನೋಡದೆ ಹೇಳಿದ:

"ಹೊಳೆಯ ಮೇಲ್ಗಡೆ ಒಬ್ರು ಕೊಟ್ಟು ಕಳ್ಸಿದಾರೆ. ನಾಳೆಗೆ ಬೇಕಂತೆ."

ಆಕೆ ಚೀಲದ ಬಾಯಿಯನ್ನೂ ಬಿಚ್ಚಲಿಲ್ಲ. ಆ ದೋಣಿಯನ್ನು ನೀರಿಗಿಳಿಸಿದ್ದನ್ನು ತನ್ನ ಬಾಗಿಲಲ್ಲಿ ನಿಂತು ನೋಡಿದವಳು, ಅದರ ಫ್ಯಾನನ್ನು ಗೋಣಿಯ ಉಬ್ಬಿನಲ್ಲೇ ಗುರುತಿಸಿದಳು.

"ಮೇಲ್ಗಡೆಯವರಿಗೆ ಹೇಳಿ," ಎಂದಳು. "ದುರಸ್ತಿ ಮಾಡ್ತೀನಿ. ಆದ್ರೆ ಯಜಮಾನ್ರೇ ತರಬೇಕು. ಚೀಲದಲ್ಲಲ್ಲ, ಹೆಗಲ ಮೇಲೆ. ದೋಣಿ ಕಟ್ಟೋ ಧಕ್ಕೆಯಿಂದ ಇಲ್ಲಿವರೆಗೂ ನಡ್ಕೊಂಡು. ನಾಳೆ ಮೀನು ಹರಾಜಿನ ಹೊತ್ತಿಗೆ ಬರ್ಲಿ, ಜನ ಇರ್ತಾರೆ."

ಚುಕ್ಕಾಣಿ ಚೀಲ ಎತ್ತಿಕೊಂಡು ಹೋದ.

ಊಟಕ್ಕೆ ಕೂತಾಗ ಗಂಡ ಕೇಳಿದ, "ಬರ್ತಾರೆ ಅಂತೀಯಾ?"

"ಬರದೆ ಎಲ್ಲಿಗೆ ಹೋಗ್ತಾನೆ? ಪರವಾನಗಿ ಬೇಕಲ್ಲ."

"ಬಂದ್ರೆ?"

"ಅಷ್ಟೂ ಜನರ ಮುಂದೆ ಅವನ ಬಾಯಲ್ಲೇ ಹೇಳಿಸ್ತೀನಿ. ಅವತ್ತು ಅಪ್ಪ ಬೆಸುಗೆ ಹಾಕಿಲ್ಲ ಅಂತ ಹೇಳಿದ್ರೆ ಮಾತ್ರ ಇವತ್ತು ನಾನು ಹಾಕ್ತೀನಿ."

ಅಮ್ಮ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು. "ಅವನ ಮಾತು ಯಾರಿಗೆ ಬೇಕು? ಹೇಳಿ ನಾಳೆ ಇಲ್ಲ ಅಂತಾನೆ. ಬೆಸುಗೆ ಹಾಕು. ಮೇಲೆ ಹೊಳೀಲಿ, ಒಳಗೆ ಟೊಳ್ಳಿರಲಿ. ಅಧಿಕಾರಿ ಕೂತಿರೋವಾಗ, ಹೊಳೆ ಮಧ್ಯೆ ಹಾರಿಹೋಗ್ಲಿ. ನಿಮ್ಮಪ್ಪನಿಗೆ ಆದದ್ದು ಅವನಿಗೂ ಆಗ್ಲಿ."

ಗಂಡನ ಕೈಯ ತುತ್ತು ಅಲ್ಲೇ ನಿಂತಿತು. "ಅತ್ತೆ, ದೋಣೀಲಿ ಬೇರೆಯವರೂ ಇರ್ತಾರೆ."

"ಅವತ್ತೂ ಇದ್ರು," ಎಂದಳು ಅಮ್ಮ.

ನಿಜ ಹೇಳಬೇಕೆಂದರೆ ಆ ಮಾತು ಫ್ಯಾನಕ್ಕನಿಗೆ ಹೊಸದಾಗಿ ಕೇಳಿಸಲಿಲ್ಲ. ಟೊಳ್ಳು ಬೆಸುಗೆ ಹೇಗಿರುತ್ತದೆ, ಮೇಲಿನ ಗೆರೆಯನ್ನು ಎಷ್ಟು ನಯವಾಗಿ ಉಜ್ಜಿದರೆ ಕಣ್ಣಿಗೆ ಕಾಣುವುದಿಲ್ಲ ಎಂಬುದನ್ನೆಲ್ಲ ಆಕೆಯ ಕೈಗಳು ಯಾವಾಗಲೋ ಲೆಕ್ಕ ಹಾಕಿಯಾಗಿತ್ತು. ಅಂದು ಮಧ್ಯಾಹ್ನ ಚಿಕ್ಕಪ್ಪ ನಿದ್ದೆ ಮಾಡಿದ. ಎದುರಿನಿಂದ ಸದ್ದೇ ಬರಲಿಲ್ಲ.

ಮರುದಿನ ಹರಾಜು ಜೋರಾಗಿದ್ದಾಗಲೇ ಚಿಕ್ಕಪ್ಪ ಬಂದ. ಹೆಗಲ ಮೇಲೆ ಫ್ಯಾನು, ಅಂಗಿಯ ಮೇಲೆ ಗ್ರೀಸಿನ ಕಲೆ, ಹಿಂದೆ ಎರಡು ಹೆಜ್ಜೆ ಬಿಟ್ಟು ಚುಕ್ಕಾಣಿ. ಮೊದಲು ಒಬ್ಬ ಮೀನಿನವಳು ತಿರುಗಿ ನೋಡಿದಳು. ಆಮೇಲೆ ಮಂಜುಗಡ್ಡೆಯ ಗಾಡಿಯವನು ನಿಂತ. ಅವನು ನಿಂತನೆಂದು ಹಿಂದಿನವರು ನಿಂತರು. 'ಹೊಸದೇ ಸುರಕ್ಷೆ'ಯ ಯಜಮಾನ ಹಳೆಯ ಫ್ಯಾನು ಹೊತ್ತು ದುರಸ್ತಿಗೆ ಹೊರಟಿದ್ದಾನೆಂದರೆ ಯಾರು ತಾನೇ ಹರಾಜು ಕೂಗುತ್ತ ಕೂರುತ್ತಾರೆ? ತನ್ನ ಅಂಗಡಿಯ ಬೋರ್ಡಿನ ಕೆಳಗೇ ಹಾದು ರಸ್ತೆ ದಾಟುವಾಗ ಅವನ ಕಿವಿಗಳು ಕೆಂಪಾಗಿದ್ದವು. ಫ್ಯಾನಕ್ಕ ಬಾಗಿಲಿಗೆ ಒರಗಿ ನಿಂತು ಅವನ ಒಂದೊಂದು ಹೆಜ್ಜೆಯನ್ನೂ ಸವಿದಳು. ಇಂಥ ರುಚಿ ಇರುತ್ತದೆಂದು ಆಕೆಗೇ ಗೊತ್ತಿರಲಿಲ್ಲ.

"ತಗೋ," ಎಂದು ಅವನು ಫ್ಯಾನನ್ನು ಮೇಜಿನ ಮೇಲೆ ಇಳಿಸಿದ. "ಹೊತ್ಕೊಂಡು ಬಂದೆ. ಸಮಾಧಾನ ಆಯ್ತಾ?"

"ಕೂತ್ಕೊಳ್ಳಿ ಚಿಕ್ಕಪ್ಪ, ಸುಸ್ತಾಗಿದೀರಿ. ಮೊದ್ಲು ಒಂದು ಮಾತು ಹೇಳಿ. ಅವತ್ತಿನ ರೆಕ್ಕೆಗೆ ಬೆಸುಗೆ ಹಾಕಿದ್ದು ಯಾರು?"

ಚಿಕ್ಕಪ್ಪ ಸುತ್ತ ನೆರೆದ ಜನರ ಕಡೆ ನೋಡಿ ನಕ್ಕ. "ಸತ್ತವರ ಮಾತು ಈಗ್ಯಾಕೆ ಮಗಳೇ? ನನ್ನಣ್ಣ ಒಳ್ಳೇವನೇ. ವಯಸ್ಸು, ಕೈ ನಡುಕ. ತಪ್ಪು ಯಾರು ಮಾಡಲ್ಲ ಹೇಳು. ನಾನಂತೂ ಯಾವತ್ತೋ ಕ್ಷಮಿಸಿಬಿಟ್ಟೆ."

ಕ್ಷಮಿಸಿಬಿಟ್ಟೆ ಎಂಬ ಮಾತು ಕೇಳಿ ಒಳಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗಿನ ತುದಿಯನ್ನು ಕಚ್ಚಿ ಹಿಡಿದಳು. ಚುಕ್ಕಾಣಿ ನೆಲ ನೋಡುತ್ತಿದ್ದ. ಇವನ ಬಾಯಿಂದ ನಿಜ ಹೊರಡುವುದಿಲ್ಲವೆಂದು ಫ್ಯಾನಕ್ಕನಿಗೆ ಖಾತ್ರಿಯಾಯಿತು. ಹಾಗಾದರೆ ಅಮ್ಮ ಹೇಳಿದ್ದೇ ಸರಿ ಎಂದುಕೊಂಡಳು. ಫ್ಯಾನನ್ನು ಹತ್ತಿರಕ್ಕೆ ಎಳೆದುಕೊಂಡಳು.

ಕಣ್ಣಿಗೆ ಕಂಡ ಪೆಟ್ಟು ದೊಡ್ಡದೇನಲ್ಲ. ಒಂದು ರೆಕ್ಕೆಯ ತುದಿ ಮುದುಡಿತ್ತು, ಅಂಚು ಹಲ್ಲುಹಲ್ಲಾಗಿತ್ತು. ಕಾಯಿಸಿ ತಿದ್ದಿ, ಲೋಹ ತುಂಬಿ, ಅರ ಹಾಕಿ ಉಜ್ಜಿದರೆ ಸಂಜೆಗೆ ಮುಗಿಯುವ ಕೆಲಸ. ಅಭ್ಯಾಸಬಲದಿಂದ ಒಮ್ಮೆ ತಟ್ಟಿ ನೋಡಿದಳು. ಮೊದಲ ರೆಕ್ಕೆ ಟಣ್ ಎಂದಿತು. ಎರಡನೆಯದೂ ಟಣ್ ಎಂದಿತು. ಮುದುಡಿದ ರೆಕ್ಕೆ ಟಕ್ ಎಂದು ಸುಮ್ಮನಾಯಿತು.

ಆಕೆ ಮತ್ತೊಮ್ಮೆ ತಟ್ಟಿದಳು. ಟಕ್.

ತಂತಿಯ ಬ್ರಷ್ಷು ತೆಗೆದುಕೊಂಡು ಆ ರೆಕ್ಕೆಯ ಬುಡದ ಬಣ್ಣವನ್ನೆಲ್ಲ ಉಜ್ಜಿ ತೆಗೆದಳು. ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟಳು. ಬಟ್ಟೆಯಿಂದ ಒಂದು ಹನಿಯೂ ಉಳಿಯದಂತೆ ಒರೆಸಿ, ಪುಡಿಮಾಡಿದ ಸೀಮೆಸುಣ್ಣವನ್ನು ಮೇಲೆ ಉದುರಿಸಿದಳು. ಜನ ಹತ್ತಿರ ಸರಿದು ಬಗ್ಗಿ ನೋಡಿದರು. ಬೆಳ್ಳಗಿದ್ದ ಬುಡದ ಮೇಲೆ ನಿಧಾನವಾಗಿ, ಒಳಗಿಂದ ಯಾರೋ ಬರೆದಂತೆ, ಕೂದಲೆಳೆಯಷ್ಟು ತೆಳ್ಳಗಿನ ಒದ್ದೆ ಗೆರೆ ಮೂಡಿತು. ಬಿರುಕಿನೊಳಗೆ ಹೊಕ್ಕಿದ್ದ ಎಣ್ಣೆಯನ್ನು ಸುಣ್ಣ ಹೀರಿ ಹೊರತರುತ್ತಿತ್ತು. ಗೆರೆ ಬುಡದ ಅರ್ಧ ಸುತ್ತನ್ನೂ ದಾಟಿತು.

ಟೊಳ್ಳು ಬೆಸುಗೆಯ ಗೊಡವೆಯೇ ಇಲ್ಲ. ತನ್ನ ಕೈಲಾದಷ್ಟು ಚೆನ್ನಾಗಿ ಬೆಸುಗೆ ಹಾಕಿದರೂ ಈ ರೆಕ್ಕೆ ನಾಳೆಯಲ್ಲದಿದ್ದರೆ ನಾಡಿದ್ದು ಹಾರಿಯೇ ಹೋಗುತ್ತದೆ. ಬೇಡಿ ಬಂದವನು ಅವನು, ಮಾಡಿಕೊಡುವುದಷ್ಟೇ ಆಕೆಯ ಕೆಲಸ. ಒಳಬಾಗಿಲಿನಿಂದ ಅಮ್ಮ ನೋಡುತ್ತಿದ್ದಳು. ದುರಸ್ತಿಗಾರನ ಹೆಂಡತಿಯಾಗಿ ಬಾಳಿದವಳಿಗೆ ಆ ಗೆರೆಯ ಅರ್ಥ ಯಾರೂ ಹೇಳಿಕೊಡಬೇಕಿರಲಿಲ್ಲ. ಹಾಕು ಎಂದು ಕಣ್ಣಲ್ಲೇ ಹೇಳಿದಳು.

ಆಕೆಯ ಕೈ ಬೆಸುಗೆಯ ಟಾರ್ಚಿನ ಕಡೆ ಹೋದದ್ದು ನಿಜ. ಅದನ್ನು ಎತ್ತಿದ್ದೂ ನಿಜ. ಎತ್ತಿದಾಗ, ಚುಕ್ಕಾಣಿ ಸುಣ್ಣದ ಮೇಲಿನ ಗೆರೆಯನ್ನೇ ಬಗ್ಗಿ ನೋಡುತ್ತಿರುವುದು ಕಂಡಿತು. ನಾಳೆ ಹಿಡಿಕೆ ಹಿಡಿದು ಕೂರುವವನು ಅವನೇ. ಅಪ್ಪನ ಹೊಸ್ತಿಲಿಗೆ ಉಗಿದವನು. ಆಕೆಯ ಸೇಡಿನ ಪಟ್ಟಿಯಲ್ಲಿ ಅವನೂ ಇದ್ದ. ಆದರೂ ಟಾರ್ಚು ಕೆಳಗಿಳಿಯಿತು.

"ಇದು ಆಗಲ್ಲ ಚಿಕ್ಕಪ್ಪ," ಎಂದಳು. "ಬುಡದಲ್ಲಿ ಸೀಳಿದೆ. ಹೊಸದು ಹಾಕಿ."

ಚಿಕ್ಕಪ್ಪ ನಗುತ್ತಲೇ ಇದ್ದ. ಹಾಗೆಯೇ ನಗು ಇಳಿಯಿತು. "ಏನಂದೆ?"

"ಹೊಸದೇ ಸುರಕ್ಷೆ. ನೀವೇ ಬೋರ್ಡಲ್ಲಿ ಬರೆಸಿದೀರಲ್ಲ."

ಯಾರೋ ಕಿಸಕ್ಕನೆ ನಕ್ಕರು. ಆ ಒಂದು ನಗೆಯೇ ಅವನನ್ನು ಕೆಡಿಸಿತು.

"ಆಟ ಆಡ್ತೀಯಾ? ಊರ ತುಂಬ ಮೆರವಣಿಗೆ ಮಾಡ್ಸಿ, ಈಗ ಆಗಲ್ಲ ಅಂತೀಯಾ? ಒಂದು ಎಳೆ ಬೆಸುಗೆ ಎಳೆಯೋಕೆ ಎಷ್ಟು ಹೊತ್ತು? ನಾಳೆ ಒಂದು ದಿನ ತಡೆದ್ರೆ ಸಾಕು ನಂಗೆ!"

"ತಡೆಯಲ್ಲ."

"ತಡೆಯುತ್ತೆ! ಎಲ್ಲಾ ಒಂದೇ ಹಠ ನಿಮ್ಮ ಮನೇದು. ಅವತ್ತು ನಿಮ್ಮಪ್ಪನೂ ಹೀಗೇ, ಬುಡ ಸೀಳಿದೆ, ಆಗಲ್ಲ, ಹೊಸದು ಹಾಕು ಅಂತ ಗಿಣಿಪಾಠ ಒಪ್ಪಿಸ್ದ. ಹೆದ್ದಾರಿ ಹತ್ರ ಕಿಟಕಿ ಸರಳು ಬೆಸೆಯೋನು ಮಾತಾಡದೆ ಹಾಕಿಕೊಟ್ಟ! ಅವನಿಗೆ ಆಗಿದ್ದು ನಿಮಗ್ಯಾಕೆ..."

ಅಷ್ಟಕ್ಕೆ ಅವನ ಬಾಯಿ ನಿಂತಿತು. ಆಡಿದ ಮಾತು ಅವನ ಕಿವಿಗೇ ಆಗ ತಲುಪಿತ್ತು.

ಚುಕ್ಕಾಣಿ ಮೆಲ್ಲಗೆ ನೆಟ್ಟಗಾದ.

"ಯಾವ ಕಿಟಕಿ ಸರಳಿನವನು, ಯಜಮಾನ್ರೇ?"

"ಏನಿಲ್ಲ ಬಿಡೋ. ಬಾಯ್ತಪ್ಪಿ..."

"ಅಣ್ಣನ ಕೈಲಿ ಹಾಕ್ಸಿದೆ ಅಂದ್ರಿ. ದೋಣಿ ಹತ್ತೋಕೆ ಮುಂಚೆ ನಾನೇ ಕೇಳ್ದೆ. ರೆಕ್ಕೆ ಹೊಸದಾ ಯಜಮಾನ್ರೇ ಅಂದೆ. ಅಣ್ಣನ ಕೈಯಿಂದ ಬಂದದ್ದು, ಹೊಸದಕ್ಕಿಂತ ಗಟ್ಟಿ ಅಂದ್ರಿ."

"ಚುಕ್ಕಾಣಿ, ಮನೆಗೆ ಹೋಗಿ ಮಾತಾಡೋಣ ನಡಿ."

"ಯಾವ ಕಿಟಕಿ ಸರಳಿನವನು?"

ಚಿಕ್ಕಪ್ಪ ಅವನ ಹೆಗಲ ಮೇಲೆ ಕೈಯಿಡಲು ಹೋದ. ಚುಕ್ಕಾಣಿ ಹಿಂದೆ ಸರಿಯಲೂ ಇಲ್ಲ, ಕೈ ಎತ್ತಲೂ ಇಲ್ಲ. ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಮತ್ತೆ ಕೇಳಿದ. ಮತ್ತೆ ಕೇಳಿದ. ಕೂಗಾಡಿದ್ದರೆ, ಕಪಾಳಕ್ಕೆ ಹೊಡೆದಿದ್ದರೆ ಚಿಕ್ಕಪ್ಪ ಹೇಗೋ ಜಾರಿಕೊಳ್ಳುತ್ತಿದ್ದ. ಆ ಮೆತ್ತಗಿನ ಪ್ರಶ್ನೆ ಮಾತ್ರ ಅವನನ್ನು ನಿಂತಲ್ಲೇ ಹಿಡಿದಿಟ್ಟಿತು. ಕೊನೆಗೆ ಚುಕ್ಕಾಣಿ ಸೊಂಟಕ್ಕೆ ಸಿಕ್ಕಿಸಿದ್ದ ಎಂಜಿನ್ನಿನ ಬೀಗದ ಕೈ ತೆಗೆದು, ಸುಣ್ಣ ಬಳಿದ ಫ್ಯಾನಿನ ಪಕ್ಕದಲ್ಲಿಟ್ಟು, ಜನರ ನಡುವೆ ದಾರಿ ಮಾಡಿಕೊಂಡು ಹೊರಟ. ಅವನು ಹೋದದ್ದು ಮನೆಯ ಕಡೆಗಲ್ಲ, ಬಂದರು ಕಚೇರಿಯ ಕಡೆಗೆ.

ಚಿಕ್ಕಪ್ಪ ಫ್ಯಾನನ್ನು ಅಲ್ಲೇ ಬಿಟ್ಟು ರಸ್ತೆ ದಾಟಿದ. ಅವನಿಗೆ ದಾರಿ ಬಿಡಲು ಯಾರೂ ಅವಸರ ಮಾಡಲಿಲ್ಲ.

ಜನ ಕರಗಿದ ಮೇಲೆ ಗಂಡ ಒಳಗೆ ಬಂದು ಅಟ್ಟದ ಕಡೆ ಕತ್ತೆತ್ತಿ ನೋಡಿದ. ಎರಕದ ಕಾರ್ಖಾನೆಯಿಂದ ಬರುವಾಗ ಹಳೆಯ ಸಾಮಾನಿನ ಜೊತೆ ತಂದಿದ್ದ ಒಂದು ಫ್ಯಾನು ಅಲ್ಲಿತ್ತು. ಅದೇ ಅಳತೆ, ಅದೇ ಎಂಜಿನ್ನಿನದು. ಆಕೆಯೇ ಅಂಚು ತುಂಬಿ, ತೂಕ ಸರಿಮಾಡಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟದ್ದು.

"ಅದು ಕೂರ್ತಿತ್ತು," ಎಂದ ಅವನು.

"ಕೂರ್ತಿತ್ತು."

"ಕೊಡಬಹುದಿತ್ತು."

"ಕೊಡಬಹುದಿತ್ತು," ಎಂದು ಆಕೆ ಮೇಜಿನ ಮೇಲಿನ ಸುಣ್ಣ ಒರೆಸತೊಡಗಿದಳು.

ಅಮ್ಮ ಮಾತ್ರ ಅಂದು ಸಂಜೆಯವರೆಗೂ ಮಗಳ ಜೊತೆ ಮಾತು ಬಿಟ್ಟಿದ್ದಳು. ಕೈಗೆ ಸಿಕ್ಕ ಶತ್ರುವನ್ನು ಮಗಳು ಬಿಟ್ಟುಬಿಟ್ಟಳೆಂಬ ಸಿಟ್ಟು. ಕಚೇರಿಯಲ್ಲಿ ಚುಕ್ಕಾಣಿ ಏನೇನು ಹೇಳಿದನೆಂಬ ಸುದ್ದಿ ಒಂದು ಬಾಯಿಂದ ಇನ್ನೊಂದು ಬಾಯಿಗೆ ಹಾಯ್ದು ಮನೆಗೆ ಬಂದ ಮೇಲಷ್ಟೇ, "ಇವತ್ತು ಏನಾದ್ರೂ ತಿಂದ್ಯಾ?" ಎಂದು ಕೇಳಿದಳು.

ಅಧಿಕಾರಿಗೆ ತೋರಿಸಲು ಗೊತ್ತಾಗಿದ್ದ ದಿನ ಚಿಕ್ಕಪ್ಪನ ದೋಣಿ ಗೂಟ ಬಿಟ್ಟು ಕದಲಲಿಲ್ಲ. ಪರವಾನಗಿ ಸಣ್ಣ ದೋಣಿಗಳವರ ಸಂಘಕ್ಕೆ ಹೋಯಿತು. ಹಳೆಯ ವಿಚಾರಣೆ ಮತ್ತೆ ತೆರೆಯಿತು. ಅದು ಆಮೆಯ ನಡಿಗೆಯದು, ಇನ್ನೂ ಮುಗಿದಿಲ್ಲ. ಚಿಕ್ಕಪ್ಪ ಜೈಲಿಗೆ ಹೋಗುತ್ತಾನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅಪ್ಪನ ಹೆಸರಿನ ಮೇಲಿನ ಕಲೆ ಮಾತ್ರ ಆ ಒಂದು ಬೆಳಗ್ಗೆಯೇ ಊರವರ ಬಾಯಲ್ಲಿ ತೊಳೆದುಹೋಗಿತ್ತು. ಅಂದು ಅಪ್ಪನಿಗೆ ಮುಖ ತಿರುಗಿಸಿದ್ದವರು ಒಬ್ಬೊಬ್ಬರಾಗಿ ಬಂದು ಅಮ್ಮನ ಮುಂದೆ ಕೈಕಟ್ಟಿ ನಿಂತರು. "ನಮಗೇನು ಗೊತ್ತಿತ್ತಮ್ಮ," ಎಂದರು. "ಗೊತ್ತು ಮಾಡ್ಕೊಳ್ಳೋಕೆ ಯಾರು ಬಂದಿದ್ರಿ?" ಎಂದು ಅಮ್ಮ ಕೆಲವರ ಮುಖದ ಮೇಲೆಯೇ ಬಾಗಿಲು ಹಾಕಿದಳು. ಚುಕ್ಕಾಣಿ ಒಂದು ಬೆಳಗ್ಗೆ ಬಂದು ಬಿಂದಿಗೆ ನೀರಿನಲ್ಲಿ ಹೊಸ್ತಿಲು ತೊಳೆಯತೊಡಗಿದಾಗ ಮಾತ್ರ ಬಾಗಿಲು ಹಾಕಲಿಲ್ಲ. ಅವನು ಮುಗಿಸುವವರೆಗೂ ನಿಂತು ನೋಡಿ, "ಆ ಮೂಲೆ ಬಿಟ್ಟೆ," ಎಂದಳು. ಅವನು ಮತ್ತೆ ಬಗ್ಗಿ ತೊಳೆದ.

ಅಪ್ಪ ಇದನ್ನೆಲ್ಲ ನೋಡಬೇಕಿತ್ತು ಎಂದು ಫ್ಯಾನಕ್ಕನಿಗೆ ಅನ್ನಿಸದ ದಿನವಿರಲಿಲ್ಲ. ಕೆಂಡ ಆರಿತೆಂದು ಎಲ್ಲರೂ ತಿಳಿದರು. ಬೂದಿ ಕೆದಕಿದರೆ ಬಿಸಿ ಇನ್ನೂ ಕೈಗೆ ತಾಗುತ್ತಿತ್ತು.

ಈಗ ಜನ ಫ್ಯಾನುಗಳನ್ನು ಚೀಲದಲ್ಲಿ ಅಡಗಿಸಿ ತರುವುದಿಲ್ಲ. ಬೆಳಗಾದರೆ ಬಾಗಿಲಲ್ಲಿ ಸಾಲು. ಆಕೆ ಒಂದೊಂದನ್ನೂ ತಟ್ಟಿ ಕೇಳುತ್ತಾಳೆ. ಟಣ್ ಎಂದರೆ ಒಳಗಿಟ್ಟುಕೊಳ್ಳುತ್ತಾಳೆ. ಟಕ್ ಎಂದರೆ ಎಣ್ಣೆ ಸವರಿ, ಸುಣ್ಣ ಉದುರಿಸಿ, ಗೆರೆ ತೋರಿಸಿ ಹೇಳುತ್ತಾಳೆ:

"ಇದಕ್ಕೆ ದುಡ್ಡು ಸುರೀಬೇಡಿ ಅಣ್ಣ, ಹೊಸದೇ ತಗೊಳ್ಳಿ. ಅಗೋ, ಎದುರಿಗೇ ಇದೆ ಅಂಗಡಿ. ನಾನು ಕಳ್ಸಿದೆ ಅಂತ ಹೇಳಿ. ಮರೀಬೇಡಿ, ನನ್ನ ಹೆಸರು ಹೇಳಿಯೇ ಕೇಳಿ."

ಚಿಕ್ಕಪ್ಪನ ಅಂಗಡಿಗೆ ತಾವಾಗಿ ಹೋಗುವವರು ಈಗ ಇಲ್ಲವೆನ್ನುವಷ್ಟು ಕಡಿಮೆ. ಆಕೆ ಕಳಿಸಿದವರೇ ಅವನ ಗಿರಾಕಿಗಳು. ದಿನಕ್ಕೆ ಒಂದಿಬ್ಬರಾದರೂ ಗಾಜಿನ ಬಾಗಿಲು ತಳ್ಳಿ, ಸುಣ್ಣ ಮೆತ್ತಿದ ಹಳೆಯ ಫ್ಯಾನನ್ನು ಅವನ ಮುಂದಿಟ್ಟು, "ಫ್ಯಾನಕ್ಕ ಕಳ್ಸಿದ್ರು," ಎನ್ನುತ್ತಾರೆ. ಅವನು ತಲೆ ಎತ್ತದೆ, ಗೋಡೆಯಿಂದ ಹೊಸದೊಂದನ್ನು ಬಿಚ್ಚಿ ಕೊಡುತ್ತಾನೆ.